ಗಾಳಿಯನ್ನು ಗಾಳಿಯಿಂದಲೇ ತಡೆಯುವ ಗುಮ್ಮಟ



ಬೀಚ್ ಸ್ಟೇಷನ್ನಿನಲ್ಲಿ ಲೋಕಲ್ ರೈಲಿನಿಂದ ಇಳಿದು ರಾಜಾಜಿ ಸಾಲೈಯಲ್ಲಿ ನಡೆಯುವಾಗ ನಾವು ಯಾರೂ ತಲೆ ಎತ್ತಿ ನೋಡುವುದಿಲ್ಲ. ಬಸ್ಸು, ಆಟೋ, ಬಂದರಿಗೆ ಹೋಗುವ ಲಾರಿಗಳ ನಡುವೆ ದಾರಿ ನೋಡಿಕೊಂಡು ಹೋದರೆ ಸಾಕಾಗಿರುತ್ತದೆ. ಮುಂದಿನ ಸಲ ಆ ಕಡೆ ಹೋದಾಗ ಒಂದು ನಿಮಿಷ ಬದಿಗೆ ನಿಂತು, ಬಂದರು ಸಂಸ್ಥೆಯ ಸೆಂಟಿನರಿ ಬಿಲ್ಡಿಂಗಿನ ನೆತ್ತಿಯನ್ನು ನೋಡಿ. ದೊಡ್ಡದೊಂದು ಬಿಳಿಯ ಚೆಂಡನ್ನು ತಂದು ಕೂರಿಸಿದಂತೆ ಕಾಣುತ್ತದೆ. ನೀರಿನ ಟ್ಯಾಂಕ್ ಇರಬೇಕು ಎಂದುಕೊಂಡು ಮುಂದೆ ಹೋದವರೇ ಹೆಚ್ಚು.

ಅದು ನೀರಿನ ಟ್ಯಾಂಕ್ ಅಲ್ಲ. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ, ಈಶಾನ್ಯ ಮಾರುತದ ದಿನಗಳಲ್ಲಿ, "ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ, ಮೀನುಗಾರರು ಸಮುದ್ರಕ್ಕೆ ಇಳಿಯಬಾರದು" ಎಂಬ ಮಾತನ್ನು ನೀವು ರೇಡಿಯೋದಲ್ಲಿ ಕೇಳುತ್ತೀರಲ್ಲ, ಆ ಮಾತಿನ ಹಿಂದಿರುವ ಕಣ್ಣುಗಳಲ್ಲಿ ಒಂದು ಆ ಚೆಂಡಿನೊಳಗಿದೆ. ಹವಾಮಾನ ಇಲಾಖೆಯ ಚಂಡಮಾರುತ ಪತ್ತೆ ರೇಡಾರ್ ಕೇಂದ್ರ ಅದು. 1970ರ ದಶಕದಿಂದಲೂ ಚೆನ್ನೈಯಲ್ಲಿ ಚಂಡಮಾರುತ ನೋಡುವ ರೇಡಾರ್ ಇದೆ. 2002ರಲ್ಲಿ ಹಳೆಯದರ ಜಾಗಕ್ಕೆ ಜರ್ಮನಿಯ ಗೆಮಾಟ್ರಾನಿಕ್ ಕಂಪನಿಯ ಡಾಪ್ಲರ್ ರೇಡಾರ್ ಬಂತು. ಇಲಾಖೆಯ ಡಾಪ್ಲರ್ ರೇಡಾರುಗಳ ಸಾಲಿನಲ್ಲಿ ಇದೇ ಮೊದಲನೆಯದು.

ಚೆಂಡಿನ ಹೆಸರು ರೇಡೋಮ್. ರೇಡಾರ್ ಮತ್ತು ಡೋಮ್ ಎಂಬ ಎರಡು ಮಾತು ಸೇರಿ ಆದದ್ದು. ರೇಡಾರಿನ ಗುಮ್ಮಟ ಎಂದು ಅರ್ಥ. ಈ ಗುಮ್ಮಟಗಳಲ್ಲಿ ಗಟ್ಟಿ ಚಿಪ್ಪಿನವು ಒಂದು ಜಾತಿ, ಬರೀ ಬಟ್ಟೆಯವು ಇನ್ನೊಂದು ಜಾತಿ. ಎರಡನೆಯದನ್ನು ನಿಲ್ಲಿಸುವುದು ಒಳಗೆ ತುಂಬಿದ ಗಾಳಿ ಮಾತ್ರ. ಒಂದು ಕಂಬವಿಲ್ಲ, ತೊಲೆಯಿಲ್ಲ. ಬಟ್ಟೆ ಮತ್ತು ಗಾಳಿಯಿಂದ ಬಿರುಗಾಳಿಯನ್ನು ತಡೆಯಬಹುದೇ? ತಡೆಯಬಹುದು ಎಂದಾದರೆ ನಮ್ಮ ಬಂದರಿನ ಮೇಲೆ ಗಟ್ಟಿ ಚಿಪ್ಪು ಏಕೆ? ಈ ಸಲ ಇದನ್ನೇ ನೋಡೋಣ.

ಮೈಮೇಲೆ ಹೊದಿಕೆ ಏಕೆ ಬೇಕು?

ಮೊದಲು ಒಂದು ಹೋಲಿಕೆ. ಬೆಂಗಳೂರಿನ ಹತ್ತಿರ ಬ್ಯಾಲಾಳು ಎಂಬ ಊರಿದೆ. ಅಲ್ಲಿ ಇಸ್ರೋದ 32 ಮೀಟರ್ ಅಗಲದ ದೊಡ್ಡ ಆಂಟೆನಾ ಬಯಲಿನಲ್ಲಿ ನಿಂತಿದೆ. 2008ರಲ್ಲಿ ಚಂದ್ರಯಾನದ ಮಾತು ಕೇಳಿದ್ದು ಅದೇ. ಅದರ ಮೇಲೆ ಯಾವ ಹೊದಿಕೆಯೂ ಇಲ್ಲ. ಹಾಸನದಲ್ಲಿ ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರದ ಆಂಟೆನಾಗಳೂ ಬಯಲಲ್ಲೇ ಇವೆ. ಅವು ಮಳೆ ಗಾಳಿಗೆ ಒಡ್ಡಿಕೊಂಡು ನಿಲ್ಲಬಹುದಾದರೆ ನಮ್ಮ ರೇಡಾರಿಗೆ ಮಾತ್ರ ಈ ಮುಸುಕು ಏಕೆ?

ಉತ್ತರ ಇರುವುದು ಕೆಲಸದ ರೀತಿಯಲ್ಲಿ. ಬಯಲಿನ ದೊಡ್ಡ ಆಂಟೆನಾಗಳಿಗೆ ಗಾಳಿ ಮಿತಿ ಮೀರಿದರೆ ಒಂದು ಉಪಾಯವಿದೆ. ತಟ್ಟೆಯನ್ನು ಆಕಾಶದ ಕಡೆ ಮುಖ ಮಾಡಿ ಬೀಗ ಹಾಕಿ ನಿಲ್ಲಿಸಿಬಿಡುತ್ತಾರೆ. ಗಾಳಿ ಇಳಿದ ಮೇಲೆ ಮತ್ತೆ ಕೆಲಸ. ಚಂಡಮಾರುತದ ರೇಡಾರಿಗೆ ಆ ಭಾಗ್ಯವಿಲ್ಲ. ಎಲ್ಲರೂ ಬಾಗಿಲು ಹಾಕಿಕೊಂಡು ಮನೆಯೊಳಗೆ ಕೂತಿರುವ ಹೊತ್ತಿನಲ್ಲೇ ಅದು ಸುತ್ತಬೇಕು. ಗಾಳಿ ಹೆಚ್ಚಿದಷ್ಟೂ ಅದರ ಅಗತ್ಯ ಹೆಚ್ಚು.

ಗಾಳಿ ಎಷ್ಟು ಒತ್ತುತ್ತದೆ ಎಂದು ಲೆಕ್ಕ ಹಾಕಿ ನೋಡೋಣ. ಗಂಟೆಗೆ 60 ಕಿ.ಮೀ. ವೇಗದ ಗಾಳಿ ಎದುರಿಗಿರುವ ಒಂದು ಚದರ ಮೀಟರ್ ಹಲಗೆಯನ್ನು ಸುಮಾರು 17 ಕಿಲೋ ಭಾರದಷ್ಟು ಒತ್ತುತ್ತದೆ. ವೇಗ ಎರಡರಷ್ಟಾಗಿ 120 ಕಿ.ಮೀ. ಆದರೆ ಒತ್ತಡ ಎರಡರಷ್ಟಲ್ಲ, ನಾಲ್ಕರಷ್ಟು. ಅಂದರೆ ಸುಮಾರು 70 ಕಿಲೋ. 2016ರ ಡಿಸೆಂಬರ್ 12ರ ಮಧ್ಯಾಹ್ನ ವಾರ್ಧಾ ಚಂಡಮಾರುತ ಚೆನ್ನೈಯನ್ನು ದಾಟಿದಾಗ ಗಾಳಿಯ ವೇಗ ಗಂಟೆಗೆ 100 ಕಿ.ಮೀ. ಮೀರಿತ್ತು. ಅಂದು ಬೀದಿ ಬೀದಿಯಲ್ಲಿ ಮರಗಳು ಬುಡಮೇಲಾದದ್ದು ನಿಮಗೆ ನೆನಪಿರಬಹುದು.

ಈಗ ಬಂದರಿನ ರೇಡಾರಿನ ಆಂಟೆನಾ ನೋಡಿ. ಅದರ ಅಡ್ಡಳತೆ 8.5 ಮೀಟರ್. ಮುಖದ ವಿಸ್ತಾರ 56 ಚದರ ಮೀಟರಿಗಿಂತ ಸ್ವಲ್ಪ ಹೆಚ್ಚು. 120 ಕಿ.ಮೀ. ಗಾಳಿಗೆ ನೇರವಾಗಿ ಮುಖ ಒಡ್ಡಿದರೆ ಅದರ ಮೇಲೆ ನಾಲ್ಕೈದು ಟನ್ ಭಾರ ಬೀಳುತ್ತದೆ. ಅದೂ ಒಂದೇ ಸಮನೆ ಅಲ್ಲ. ತಟ್ಟೆ ಸುತ್ತುತ್ತಿರುವುದರಿಂದ ಒಮ್ಮೆ ಮುಖಕ್ಕೆ, ಒಮ್ಮೆ ಅಂಚಿಗೆ, ಒಮ್ಮೆ ಬೆನ್ನಿಗೆ. ಮೋಟಾರು ಎಳೆದಾಡಿ ಸೋಲುತ್ತದೆ, ಹಲ್ಲುಚಕ್ರ ಸವೆಯುತ್ತದೆ, ತಟ್ಟೆ ಅಲುಗುತ್ತದೆ.

ಅಲುಗಿದರೆ ಏನಾಯಿತು ಎನ್ನಬೇಡಿ. ಈ ರೇಡಾರಿನ ಕಿರಣದ ಅಗಲ ಸುಮಾರು 1 ಡಿಗ್ರಿ. ಆಂಟೆನಾ ನೋಡುತ್ತಿರುವ ದಿಕ್ಕು 1 ಡಿಗ್ರಿ ತಪ್ಪಿದರೆ 250 ಕಿ.ಮೀ. ದೂರದಲ್ಲಿ ಮೋಡದ ಜಾಗ 4 ಕಿ.ಮೀ.ಗೂ ಹೆಚ್ಚು ತಪ್ಪುತ್ತದೆ. ಹೆಚ್ಚುಕಡಿಮೆ ಬೀಚ್ ಸ್ಟೇಷನ್ನಿನಿಂದ ಎಗ್ಮೋರಿಗೆ ಇರುವಷ್ಟು ದೂರ. ಚಂಡಮಾರುತದ ಕಣ್ಣು ಎಲ್ಲಿ ದಡ ಮುಟ್ಟುತ್ತದೆ ಎಂದು ಹೇಳಬೇಕಾದವರಿಗೆ ಇದು ಸಣ್ಣ ತಪ್ಪಲ್ಲ.

ಇದರ ಜೊತೆಗೆ ಉಪ್ಪುಗಾಳಿ. ಬೆಸಂಟ್ ನಗರದಲ್ಲಿ, ತಿರುವಾನ್ಮಿಯೂರಿನಲ್ಲಿ ಮನೆ ಮಾಡಿಕೊಂಡಿರುವ ನಮ್ಮವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕಿಟಕಿಯ ಸರಳು, ಏಸಿಯ ಪೆಟ್ಟಿಗೆ, ಬೈಕಿನ ಚೈನು ಎಲ್ಲಕ್ಕೂ ತುಕ್ಕು. ಬಂದರಿನ ನೆತ್ತಿಯಲ್ಲಿ ಕೂತ ಯಂತ್ರಕ್ಕೆ ಹೊದಿಕೆ ಇಲ್ಲದಿದ್ದರೆ ಅದರ ಗತಿ ಏನು, ನೀವೇ ಊಹಿಸಿ.

ಹೊದಿಕೆ ಕಾಣಬೇಕು, ರೇಡಾರಿಗೆ ಕಾಣಬಾರದು

ಹಾಗಾದರೆ ಕಬ್ಬಿಣದ ತಗಡು ಹೊದಿಸಿದರೆ ಆಯಿತಲ್ಲ ಎನ್ನಬಹುದು. ಅಲ್ಲೇ ತೊಡಕು. ರೇಡಾರ್ ಕೆಲಸ ಮಾಡುವುದು ರೇಡಿಯೋ ಅಲೆಗಳಿಂದ. ನಿಮ್ಮ ರೇಡಿಯೋ ಗೋಡೆಯ ಈಚೆಗೂ ಹಾಡುತ್ತದೆ, ಆದರೆ ತಗಡಿನ ಡಬ್ಬದೊಳಗೆ ಇಟ್ಟು ಮುಚ್ಚಿದರೆ ಗೊರಗೊರ ಎನ್ನುತ್ತದೆ. ಲೋಹ ಅಲೆಯನ್ನು ಹೊರಗೇ ತಡೆದುಬಿಡುತ್ತದೆ. ಆದ್ದರಿಂದ ಗುಮ್ಮಟಕ್ಕೆ ಲೋಹ ಸಲ್ಲದು. ಅಲ್ಯೂಮಿನಿಯಂ ಪುಡಿ ಬೆರೆಸಿದ ಬೆಳ್ಳಿಬಣ್ಣದ ಪೇಂಟ್ ಬಳಿದರೂ ರೇಡಾರಿನ ಕಣ್ಣಿಗೆ ಪೊರೆ ಬಂದಂತೆ ಆಗುತ್ತದೆ.

ಅಲೆ ಗುಮ್ಮಟವನ್ನು ಎರಡು ಸಲ ದಾಟಬೇಕು ಎನ್ನುವುದನ್ನೂ ಮರೆಯಬೇಡಿ. ಹೊರಗೆ ಹೋಗುವಾಗ ಒಂದು ಸಲ, ಮಳೆಹನಿಗೆ ತಾಗಿ ಕ್ಷೀಣವಾಗಿ ಹಿಂತಿರುಗುವಾಗ ಇನ್ನೊಂದು ಸಲ. ಎರಡೂ ಸಲ ತೆರಿಗೆ ಕಟ್ಟಬೇಕು. ಆ ತೆರಿಗೆ ಎಷ್ಟು ಕಡಿಮೆಯೋ ಗುಮ್ಮಟ ಅಷ್ಟು ಒಳ್ಳೆಯದು.

ತೆರಿಗೆ ಕಡಿಮೆ ಮಾಡಲು ಎರಡು ದಾರಿಗಳಿವೆ. ಗಟ್ಟಿ ಚಿಪ್ಪಿನ ಗುಮ್ಮಟದಲ್ಲಿ ಗಾಜಿನ ನಾರು ಮತ್ತು ಅಂಟು ಸೇರಿಸಿ ಮಾಡಿದ ಹಲಗೆಗಳನ್ನು ಬಳಸುತ್ತಾರೆ. ಎಷ್ಟೋ ಗುಮ್ಮಟಗಳಲ್ಲಿ ಇದು ಸ್ಯಾಂಡ್‌ವಿಚ್ ಇದ್ದಂತೆ: ಹೊರಗೊಂದು ತೆಳು ಪದರ, ಒಳಗೊಂದು ತೆಳು ಪದರ, ನಡುವೆ ಹಗುರವಾದ ನೊರೆಯಂಥ ವಸ್ತು. ಎರಡು ಪದರಗಳ ನಡುವಿನ ಅಂತರವನ್ನು ಅಲೆಯ ಉದ್ದಕ್ಕೆ ತಕ್ಕಂತೆ ಇಟ್ಟರೆ ಒಂದು ಪದರದಿಂದ ಹಿಂದಕ್ಕೆ ಚಿಮ್ಮಿದ ಅಲೆಯನ್ನು ಇನ್ನೊಂದರಿಂದ ಚಿಮ್ಮಿದ ಅಲೆ ಅಳಿಸಿಹಾಕುತ್ತದೆ. ಹಲಗೆಗಳು ಕೂಡುವ ಕಡೆ ಮಾತ್ರ ದಪ್ಪ ಅಂಚು ಬರುತ್ತದೆ. ಆ ಅಂಚುಗಳು ಒಂದೇ ಸಾಲಿನಲ್ಲಿದ್ದರೆ ಚಿತ್ರ ಕೆಡುತ್ತದೆ. ಅದಕ್ಕೇ ಹಲಗೆಗಳ ಆಕಾರವನ್ನು ಬೇಕೆಂದೇ ಹೆಚ್ಚುಕಡಿಮೆ ಮಾಡಿ ಅಂಚುಗಳನ್ನು ಚದುರಿಸುತ್ತಾರೆ. ಬಿಳಿ ಗುಮ್ಮಟಗಳ ಮೈಮೇಲೆ ಅಡ್ಡಾದಿಡ್ಡಿ ಗೆರೆಗಳು ಕಾಣುವುದು ಇದರಿಂದಲೇ.

ಈ ವಿದ್ಯೆಯಲ್ಲಿ ನಮ್ಮ ಬೆಂಗಳೂರಿನ ಕೈವಾಡವೂ ಇದೆ. ಇಸ್ರೋ ಮತ್ತು ಬೆಂಗಳೂರಿನ ಬಿ.ಇ.ಎಲ್. ಸೇರಿ ದೇಶದಲ್ಲೇ ಮಾಡಿದ ಡಾಪ್ಲರ್ ಹವಾಮಾನ ರೇಡಾರ್ ಚೆನ್ನೈಯಿಂದ ಉತ್ತರಕ್ಕೆ ಶ್ರೀಹರಿಕೋಟದಲ್ಲಿ ನಿಂತಾಗ, ಅದಕ್ಕೆ ಸುಮಾರು 13 ಮೀಟರ್ ಅಡ್ಡಳತೆಯ ಸ್ಯಾಂಡ್‌ವಿಚ್ ಗುಮ್ಮಟವನ್ನು ರೂಪಿಸಿಕೊಟ್ಟದ್ದು ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ, ಅಂದರೆ ಎನ್.ಎ.ಎಲ್.

ಎರಡನೆಯ ದಾರಿ ಬಟ್ಟೆಯದು. ಬಂದರಿನ ರೇಡಾರಿನ ಅಲೆಯ ಉದ್ದ ಸುಮಾರು 10 ಸೆಂಟಿಮೀಟರ್. ಗುಮ್ಮಟದ ಬಟ್ಟೆಯ ದಪ್ಪ ಒಂದೆರಡು ಮಿಲಿಮೀಟರ್. ಅಲೆಯ ಮುಂದೆ ಅದು ಲೆಕ್ಕಕ್ಕೇ ಇಲ್ಲ. ದಪ್ಪ ಅಂಚುಗಳಿಲ್ಲ, ಚೌಕಟ್ಟಿಲ್ಲ, ಎಲ್ಲ ಕಡೆಯೂ ಒಂದೇ ಸಮ. ರೇಡಾರಿನ ಕಣ್ಣಿಗೆ ಇದಕ್ಕಿಂತ ತೆಳುವಾದ ಮುಸುಕು ಸಿಕ್ಕುವುದು ಕಷ್ಟ. ಬಟ್ಟೆ ಗುಮ್ಮಟದ ಕಥೆ ಶುರುವಾಗುವುದೇ ಇಲ್ಲಿಂದ.

ಬಟ್ಟೆ ಗುಮ್ಮಟ ಹುಟ್ಟಿದ್ದು

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕ ತನ್ನ ಉತ್ತರದ ಗಡಿಯ ಉದ್ದಕ್ಕೂ ರೇಡಾರ್ ನಿಲ್ಲಿಸಲು ಹೊರಟಿತು. ಅಲ್ಲಿ ಶತ್ರು ಹಿಮ ಮತ್ತು ಬಿರುಗಾಳಿ. ಬಫಲೋ ನಗರದ ಕಾರ್ನೆಲ್ ವೈಮಾನಿಕ ಪ್ರಯೋಗಾಲಯದ ಎಂಜಿನಿಯರ್ ವಾಲ್ಟರ್ ಬರ್ಡ್ ಎಂಬುವರು ಲೋಹವೇ ಇಲ್ಲದ ಗುಮ್ಮಟವೊಂದನ್ನು ಯೋಚಿಸಿದರು. 1948ರಲ್ಲಿ ಸುಮಾರು 15 ಮೀಟರ್ ಅಡ್ಡಳತೆಯ ಮೊದಲ ಮಾದರಿ ಎದ್ದು ನಿಂತಿತು. ಅದನ್ನು ಹಿಡಿದು ನಿಲ್ಲಿಸಿದ್ದು ಫ್ಯಾನು ಊದಿದ ಗಾಳಿ. ಮುಂದೆ ಬರ್ಡ್ ಅವರೇ ಬರ್ಡ್‌ಏರ್ ಎಂಬ ಕಂಪನಿ ಕಟ್ಟಿದರು. ಆಟದ ಮೈದಾನಗಳ ಮೇಲೆ, ಈಜುಕೊಳಗಳ ಮೇಲೆ ಇಂದು ಕಾಣುವ ಗಾಳಿ ಮಾಡುಗಳ ಮೂಲ ಈ ರೇಡಾರ್ ಗುಮ್ಮಟವೇ.

ಇದರ ದೊಡ್ಡ ಹಬ್ಬ ನಡೆದದ್ದು 1962ರಲ್ಲಿ. ಆ ವರ್ಷದ ಜುಲೈಯಲ್ಲಿ ಟೆಲ್‌ಸ್ಟಾರ್ ಉಪಗ್ರಹ ಮೇಲೇರಿತು. ಅಟ್ಲಾಂಟಿಕ್ ಸಾಗರದ ಆಚೆಯಿಂದ ಈಚೆಗೆ ಟೆಲಿವಿಷನ್ ಚಿತ್ರ ಮೊದಲ ಬಾರಿಗೆ ನೇರವಾಗಿ ಬಂತು. ಆಚೆ ದಡದಲ್ಲಿ ಅಮೆರಿಕದ ಆಂಡೋವರ್, ಈಚೆ ದಡದಲ್ಲಿ ಫ್ರಾನ್ಸಿನ ಪ್ಲೂಮರ್ ಬೊದೂ ಎಂಬ ಹಳ್ಳಿ. ಎರಡೂ ಕಡೆ ಗಾಳಿ ತುಂಬಿದ ಬಟ್ಟೆಯ ಗುಮ್ಮಟ. ಫ್ರಾನ್ಸಿನ ಗುಮ್ಮಟದ ಅಡ್ಡಳತೆ 64 ಮೀಟರ್, ಎತ್ತರ 50 ಮೀಟರ್. ಅದರೊಳಗೆ 340 ಟನ್ ತೂಕದ, ಕಹಳೆಯ ಆಕಾರದ ಆಂಟೆನಾ. ಹತ್ತು ಹದಿನೈದು ಅಂತಸ್ತಿನ ಕಟ್ಟಡದಷ್ಟು ಎತ್ತರವನ್ನು ಪಾಲಿಯೆಸ್ಟರ್ ಬಟ್ಟೆ ಮತ್ತು ಗಾಳಿ ಸೇರಿ ಹೊತ್ತಿದ್ದವು. ಅಮೆರಿಕದ ಗುಮ್ಮಟವನ್ನು ಆಮೇಲೆ ತೆಗೆದುಹಾಕಿದರು. ಫ್ರಾನ್ಸಿನದು ಸ್ಮಾರಕವಾಗಿ ಉಳಿದಿದೆ.

ಒಳಗಿನ ಗಾಳಿ ಹೇಗೆ ನಿಲ್ಲಿಸುತ್ತದೆ?

ಐಲ್ಯಾಂಡ್ ಗ್ರೌಂಡ್ಸ್‌ನ ವಸ್ತುಪ್ರದರ್ಶನಕ್ಕೆ ಮಕ್ಕಳನ್ನು ಕರೆದುಕೊಂಡು ಹೋದವರು ಗಾಳಿ ತುಂಬಿದ ಕೋಟೆಯ ಮೇಲೆ ಮಕ್ಕಳು ಕುಣಿಯುವುದನ್ನು ನೋಡಿರುತ್ತೀರಿ. ಹಿಂದುಗಡೆ ಒಂದು ಬ್ಲೋವರ್ ಸದಾ ಗೊಂಯ್ ಎನ್ನುತ್ತಿರುತ್ತದೆ. ರೇಡಾರ್ ಗುಮ್ಮಟದ ತತ್ವ ಅದರ ನೆಂಟ. ಒಂದು ವ್ಯತ್ಯಾಸವುಂಟು. ಮಕ್ಕಳ ಕೋಟೆಯಲ್ಲಿ ಗಾಳಿ ಗೋಡೆಯೊಳಗೆ ಇರುತ್ತದೆ. ಗುಮ್ಮಟದಲ್ಲಿ ಗೋಡೆ ಒಂದೇ ಪದರ. ಗಾಳಿ ಇಡೀ ಕೋಣೆಯಲ್ಲಿ ತುಂಬಿರುತ್ತದೆ. ಆಂಟೆನಾ, ಯಂತ್ರ, ಒಳಗೆ ಕೆಲಸ ಮಾಡುವ ಮನುಷ್ಯ ಎಲ್ಲರೂ ಆ ಗಾಳಿಯೊಳಗೇ ಇರುತ್ತಾರೆ.

ಹಾಗಾದರೆ ಒಳಗಿದ್ದವರಿಗೆ ಉಸಿರು ಕಟ್ಟುವುದಿಲ್ಲವೆ? ಇಲ್ಲ. ಬೇಕಾಗುವ ಹೆಚ್ಚುವರಿ ಒತ್ತಡ ತೀರ ಸ್ವಲ್ಪ. ನಮ್ಮ ಸುತ್ತಲಿನ ಗಾಳಿಯ ಒತ್ತಡ ಹತ್ತು ಮೀಟರ್ ಎತ್ತರದ ನೀರಿನ ಕಂಬಕ್ಕೆ ಸಮ. ಗುಮ್ಮಟದೊಳಗೆ ಅದಕ್ಕಿಂತ ಹತ್ತು ಸೆಂಟಿಮೀಟರ್ ನೀರಿನಷ್ಟು ಹೆಚ್ಚಿದ್ದರೆ, ಅಂದರೆ ನೂರಕ್ಕೆ ಒಂದು ಪಾಲು ಹೆಚ್ಚಿದ್ದರೆ, ಪ್ರತಿ ಚದರ ಮೀಟರ್ ಬಟ್ಟೆಯ ಮೇಲೆ ಒಳಗಿನಿಂದ 100 ಕಿಲೋ ಒತ್ತು ಬೀಳುತ್ತದೆ. ಹಿಂದಿನ ಲೆಕ್ಕ ನೆನಪಿಸಿಕೊಳ್ಳಿ. 120 ಕಿ.ಮೀ. ಗಾಳಿಯ ಒತ್ತಡ ಸುಮಾರು 70 ಕಿಲೋ. ಹೊರಗಿನ ಗಾಳಿ 70 ಕಿಲೋ ಒತ್ತಿದರೆ ಒಳಗಿನ ಗಾಳಿ 100 ಕಿಲೋ ಒತ್ತಿ ಹಿಡಿಯುತ್ತದೆ. ಬಟ್ಟೆ ಬಿಗಿಯಾಗಿಯೇ ಇರುತ್ತದೆ. ಗಾಳಿಯನ್ನು ಗಾಳಿಯೇ ತಡೆಯಿತು.

ಆದರೆ ವೇಗ 200 ಕಿ.ಮೀ. ಆದರೆ ಹೊರಗಿನ ಒತ್ತು 190 ಕಿಲೋ ದಾಟುತ್ತದೆ. ಆಗ ಒಳಗಿನ 100 ಸಾಲದು. ಆದ್ದರಿಂದ ಗುಮ್ಮಟದ ಪಕ್ಕದಲ್ಲಿ ಗಾಳಿಯ ವೇಗ ಅಳೆಯುವ ಸಾಧನ ಇಟ್ಟು, ಗಾಳಿ ಏರಿದಂತೆ ಬ್ಲೋವರ್ ಒಳಗಿನ ಒತ್ತಡವನ್ನೂ ಏರಿಸುವಂತೆ ಮಾಡಬೇಕು. ಗಾಳಿ ಇಳಿದ ಮೇಲೆ ಇಳಿಸಬೇಕು. ಸದಾ ಬಿಗಿಯಾಗಿ ಎಳೆದಿದ್ದರೆ ಬಟ್ಟೆ ಬೇಗ ಸೋಲುತ್ತದೆ.

ಇನ್ನೊಂದು ವಿಷಯ ಸ್ವಲ್ಪ ವಿಚಿತ್ರವಾದದ್ದು. ಬಿರುಗಾಳಿ ಗುಮ್ಮಟವನ್ನು ಬರೀ ಒತ್ತುವುದಿಲ್ಲ. ಎದುರು ಮುಖವನ್ನು ಒತ್ತುತ್ತದೆ. ನೆತ್ತಿಯನ್ನೂ ಪಕ್ಕಗಳನ್ನೂ ಹೊರಕ್ಕೆ ಎಳೆಯುತ್ತದೆ. ತಗಡಿನ ಮಾಡು ಗಾಳಿಗೆ ಹಾರಿಹೋಗುವುದೂ ಹೀಗೆಯೇ. ಅದಕ್ಕೆ ಒಳಗಿನ ಗಾಳಿಯ ಒತ್ತು ಬೇರೆ ಸೇರಿಕೊಂಡಿತು. 10 ಮೀಟರ್ ಅಗಲದ ಬುಡವಿರುವ ಗುಮ್ಮಟವನ್ನು ಒಳಗಿನ 100 ಕಿಲೋ ಒತ್ತಡವೊಂದೇ ಏಳೆಂಟು ಟನ್ ಬಲದಿಂದ ಮೇಲಕ್ಕೆ ಎತ್ತುತ್ತಿರುತ್ತದೆ. ಬಟ್ಟೆ ಗುಮ್ಮಟಕ್ಕೆ ಬೀಳದಂತೆ ಕಂಬ ಬೇಡ, ಹಾರಿಹೋಗದಂತೆ ಲಂಗರು ಬೇಕು. ಬುಡದ ಸುತ್ತ ಉಕ್ಕಿನ ಬಳೆ ಹಾಕಿ ಬೋಲ್ಟುಗಳಿಂದ ಕಾಂಕ್ರೀಟಿಗೆ ಬಿಗಿಯುವುದು ಇದಕ್ಕಾಗಿ.

ಒಳಗೆ ಹೋಗುವುದಕ್ಕೆ ಎರಡು ಬಾಗಿಲು. ಮೊದಲನೆಯದನ್ನು ತೆರೆದು ಪುಟ್ಟ ಕೋಣೆಗೆ ಹೋಗಿ, ಅದನ್ನು ಮುಚ್ಚಿದ ಮೇಲೆಯೇ ಎರಡನೆಯದನ್ನು ತೆರೆಯಬೇಕು. ಎರಡೂ ಒಮ್ಮೆಗೇ ತೆರೆದರೆ ಗಾಳಿಯೆಲ್ಲ ಹೊರಗೆ.

ಒಂದು ಸೂಜಿ ಚುಚ್ಚಿದರೆ ಬಲೂನಿನಂತೆ ಢಮ್ ಎಂದು ಒಡೆಯುತ್ತದೆಯೇ ಎಂದು ಕೆಲವರು ಕೇಳಬಹುದು. ಒಡೆಯುವುದಿಲ್ಲ. ಒತ್ತಡ ಕಡಿಮೆ ಇರುವುದರಿಂದ ಅಂಗೈ ಅಗಲದ ತೂತಾದರೂ ಗಾಳಿ ನಿಧಾನವಾಗಿ ಸೋರುತ್ತದೆ. ಬ್ಲೋವರ್ ಅದನ್ನು ತುಂಬಿಕೊಡುತ್ತದೆ. ಆಮೇಲೆ ತೇಪೆ ಹಾಕಬಹುದು. ಉದ್ದಕ್ಕೆ ಹರಿದುಹೋದರೆ ಮಾತ್ರ ಕಷ್ಟ. ಆದ್ದರಿಂದ ಬಟ್ಟೆಯನ್ನು ಆರಿಸುವಾಗ ಎಳೆದರೆ ತಾಳುತ್ತದೆಯೇ ಎನ್ನುವುದರಷ್ಟೇ, ಒಂದು ಹರಿತ ಬಿದ್ದರೆ ಅದು ಮುಂದಕ್ಕೆ ಓಡುತ್ತದೆಯೇ ಎನ್ನುವುದನ್ನೂ ನೋಡುತ್ತಾರೆ. ನೇಯ್ದ ಪಾಲಿಯೆಸ್ಟರ್ ಅಥವಾ ಗಾಜಿನ ನಾರು, ಅದರ ಮೇಲೆ ಬಿಸಿಲು ಮಳೆ ತಾಳುವ ರಬ್ಬರ್ ಇಲ್ಲವೆ ಟೆಫ್ಲಾನ್ ಜಾತಿಯ ಲೇಪ.

ಲೇಪದ ಕೆಲಸ ಇನ್ನೂ ಒಂದಿದೆ. ಗುಮ್ಮಟದ ಮೇಲೆ ನೀರು ತೆಳುವಾದ ಪೊರೆಯಂತೆ ಹರಡಿದರೆ ಅದು ಬಟ್ಟೆಗಿಂತ ಹೆಚ್ಚು ಅಲೆಯನ್ನು ನುಂಗುತ್ತದೆ. ಕೆಸುವಿನ ಎಲೆಯ ಮೇಲಿನಂತೆ ನೀರು ಹನಿಹನಿಯಾಗಿ ಉರುಳಿಹೋಗಬೇಕು. ಇದು ಗಟ್ಟಿ ಚಿಪ್ಪಿಗೂ ಸಲ್ಲುವ ಮಾತು. ಬಂದರಿನ ರೇಡಾರಿನ ಅಲೆ ಉದ್ದವಾದ್ದರಿಂದ ಅದಕ್ಕೆ ಈ ನೀರಿನ ಪೊರೆಯ ತೊಂದರೆ ಕಡಿಮೆ. ಪಳ್ಳಿಕರಣೈಯಲ್ಲಿ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ಆವರಣದಲ್ಲಿ ಇನ್ನೊಂದು ರೇಡಾರ್ ಇದೆ. ಅದು ಎಕ್ಸ್-ಬ್ಯಾಂಡ್ ಜಾತಿಯದು. ಅಲೆಯ ಉದ್ದ 3 ಸೆಂಟಿಮೀಟರ್ ಆಸುಪಾಸು. ಇಂಥ ರೇಡಾರುಗಳ ತಲೆಯ ಮೇಲೆಯೇ ಜಡಿಮಳೆ ಸುರಿದರೆ ದೂರದ ಮೋಡ ಮಸುಕಾಗುತ್ತದೆ.

ಕರೆಂಟು ಹೋದರೆ?

ಇಷ್ಟೆಲ್ಲ ಗುಣಗಳಿದ್ದರೆ ಎಲ್ಲ ಕಡೆಯೂ ಬಟ್ಟೆ ಗುಮ್ಮಟವೇ ಇರಬೇಕಿತ್ತಲ್ಲ? ಚೆನ್ನೈಯಲ್ಲಿರುವವರು ಈ ಪ್ರಶ್ನೆಗೆ ಉತ್ತರವನ್ನು ಬೇಗ ಹೇಳಬಲ್ಲರು. ಬಿರುಗಾಳಿ ಬಂದ ದಿನ ನಮ್ಮ ಮನೆಯಲ್ಲಿ ಮೊದಲು ಹೋಗುವುದು ಯಾವುದು? ಕರೆಂಟು. ವಾರ್ಧಾ ಬಂದಾಗ ಎಷ್ಟೋ ಬಡಾವಣೆಗಳಲ್ಲಿ ದಿನಗಟ್ಟಲೆ ಕತ್ತಲಿತ್ತು.

ಬಟ್ಟೆ ಗುಮ್ಮಟ ಕರೆಂಟಿನ ಮೇಲೆ ನಿಂತಿದೆ. ಬ್ಲೋವರ್ ನಿಂತರೆ ಗುಮ್ಮಟ ಮೆಲ್ಲಗೆ ಜೋಲು ಬೀಳುತ್ತದೆ. ಹೊರಗೆ ಗಾಳಿ ಜೋರಾಗಿದ್ದರೆ ಜೋಲು ಬಿದ್ದ ಬಟ್ಟೆ ಹಡಗಿನ ಪಟದಂತೆ ಬಡಿದುಕೊಳ್ಳುತ್ತದೆ. ಒಳಗೆ ಸುತ್ತುತ್ತಿರುವ ಆಂಟೆನಾದ ಅಂಚಿಗೆ ತಾಗಿದರೆ ಸೀಳಿಹೋಗುತ್ತದೆ. ಗುಮ್ಮಟ ಅತಿ ಹೆಚ್ಚು ಬೇಕಾಗಿರುವ ಗಳಿಗೆಯಲ್ಲೇ ಅದನ್ನು ಹಿಡಿದಿರುವ ಕೈ ಸಡಿಲವಾಗುವ ಭಯ. ಆದ್ದರಿಂದ ಒಂದಲ್ಲ ಎರಡು ಬ್ಲೋವರ್, ಎರಡಕ್ಕೂ ಬೇರೆ ಬೇರೆ ಸಂಪರ್ಕ, ಕೂಡಲೇ ಎದ್ದು ನಿಲ್ಲುವ ಡೀಸೆಲ್ ಜನರೇಟರ್, ಒತ್ತಡ ಇಳಿದರೆ ಕೂಗುವ ಗಂಟೆ, ಆಂಟೆನಾವನ್ನು ತಕ್ಷಣ ನಿಲ್ಲಿಸುವ ವ್ಯವಸ್ಥೆ ಎಲ್ಲ ಬೇಕು.

ಇದು ಬರೀ ಊಹೆಯ ಮಾತಲ್ಲ. ಜರ್ಮನಿಯ ರೈಸ್ಟಿಂಗ್ ಎಂಬಲ್ಲಿ 1960ರ ದಶಕದ ಆರಂಭದಲ್ಲಿ ಕಟ್ಟಿದ ಸುಮಾರು 49 ಮೀಟರ್ ಅಡ್ಡಳತೆಯ ಗಾಳಿ ಗುಮ್ಮಟವಿದೆ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಮ ಗಾಳಿ ಎಲ್ಲವನ್ನೂ ಕಂಡು ನಿಂತದ್ದು. 2020ರ ನವೆಂಬರಿನಲ್ಲಿ ಒಂದು ದಿನ ಗಾಳಿಯ ಒತ್ತಡ ಕಾಯುವ ವ್ಯವಸ್ಥೆ ಕೈಕೊಟ್ಟಿತು. ಗುಮ್ಮಟ ಕುಸಿದು ಬಟ್ಟೆ ಹರಿದುಹೋಯಿತು. ಆಮೇಲೆ ಹೊಸ ಹೊದಿಕೆ ತಂದು ಮತ್ತೆ ಎಬ್ಬಿಸಿದರು. ಅದು ಸ್ಮಾರಕವಾದ್ದರಿಂದ ಕಾಯಬಹುದಿತ್ತು. ಚಂಡಮಾರುತ ದಡಕ್ಕೆ ಬರುತ್ತಿರುವಾಗ ಯಾರೂ ಕಾಯಲಾರರು.

ಚೆನ್ನೈಯಂಥ ಊರಿನಲ್ಲಿ ಇನ್ನೊಂದು ಅಪಾಯವೂ ಇದೆ. ಬಿರುಗಾಳಿಯಲ್ಲಿ ಹಾರಿಬರುವುದು ಗಾಳಿಯೊಂದೇ ಅಲ್ಲ. ತಗಡಿನ ಶೀಟು, ಹೋರ್ಡಿಂಗಿನ ಚೂರು, ಮರದ ಕೊಂಬೆ. ಒಂದೆರಡು ಮಿಲಿಮೀಟರ್ ಬಟ್ಟೆಗೆ ಇವು ಕತ್ತಿಯಿದ್ದಂತೆ.

ಇದನ್ನೆಲ್ಲ ಕೂಡಿ ಕಳೆದು ನೋಡಿದರೆ, ವರ್ಷ ವರ್ಷವೂ ಚಂಡಮಾರುತ ಎದುರಿಸಬೇಕಾದ, ಒಂದೇ ಕಡೆ ಇಪ್ಪತ್ತು ಮೂವತ್ತು ವರ್ಷ ನಿಲ್ಲಬೇಕಾದ ಹವಾಮಾನ ರೇಡಾರಿಗೆ ಗಟ್ಟಿ ಚಿಪ್ಪೇ ಮೇಲು. ಅಂಚುಗಳಿಂದ ಚಿತ್ರ ಕೂದಲೆಳೆಯಷ್ಟು ಕೆಟ್ಟರೂ ಚಿಂತೆಯಿಲ್ಲ, ಕರೆಂಟು ಹೋದರೂ ಚಿಪ್ಪು ನಿಂತಿರುತ್ತದೆ. ಶ್ರೀಹರಿಕೋಟದಲ್ಲೂ ಗಟ್ಟಿ ಚಿಪ್ಪೇ ಇರುವುದನ್ನು ಆಗಲೇ ನೋಡಿದೆವು.

ಹಾಗೆಂದು ಬಟ್ಟೆಯ ಕಾಲ ಮುಗಿಯಲಿಲ್ಲ. ಇಂದು ಇಲ್ಲಿ, ನಾಳೆ ಅಲ್ಲಿ ಎಂದು ಹೊತ್ತುಕೊಂಡು ಹೋಗಬೇಕಾದ ರೇಡಾರುಗಳಿಗೆ ಇದರಷ್ಟು ಅನುಕೂಲವಾದದ್ದು ಬೇರೆ ಇಲ್ಲ. ಗಟ್ಟಿ ಚಿಪ್ಪಿಗೆ ಕ್ರೇನು, ಲಾರಿ, ನುರಿತ ಜೋಡಣೆಗಾರರು ಬೇಕು. ಬಟ್ಟೆಯನ್ನು ಮಡಿಸಿ ಗಾಡಿಗೆ ಹಾಕಿಕೊಂಡು ಹೋಗಿ ಊದಿದರಾಯಿತು. ಪ್ರವಾಹವೋ ಭೂಕಂಪವೋ ಬಂದು ಟವರುಗಳೆಲ್ಲ ಉರುಳಿದ ಕಡೆ ಕೆಲವೇ ಪೆಟ್ಟಿಗೆಗಳಲ್ಲಿ ಹೊತ್ತುಕೊಂಡು ಹೋಗಿ ಗಾಳಿ ತುಂಬಿ ನಿಲ್ಲಿಸುವ ಉಪಗ್ರಹ ಆಂಟೆನಾ ಚೆಂಡುಗಳೂ ಈಗ ಬಂದಿವೆ. ಅವುಗಳಲ್ಲಿ ಬಟ್ಟೆ ಬರೀ ಹೊದಿಕೆಯಲ್ಲ. ಒಳಗೆ ಅಡ್ಡಲಾಗಿ ಕಟ್ಟಿದ ಹೊಳಪಿನ ಹಾಳೆಯೇ ಗಾಳಿಯ ಒತ್ತಡದಿಂದ ಬಾಗಿ ತಟ್ಟೆಯ ಆಕಾರ ಪಡೆಯುತ್ತದೆ. ನಮ್ಮ ದೇಶದಲ್ಲಿ ಡಿ.ಆರ್.ಡಿ.ಓ.ದ ಆಗ್ರಾ ಪ್ರಯೋಗಾಲಯ ಆಕಾಶದೀಪ ಎಂಬ ಹೀಲಿಯಂ ಬಲೂನನ್ನು ಮಾಡಿದೆ. ಕ್ಯಾಮೆರಾ ಮುಂತಾದ ಉಪಕರಣಗಳನ್ನು ಹೊತ್ತು ಹಗ್ಗದ ತುದಿಯಲ್ಲಿ ಆಕಾಶದಲ್ಲಿ ನಿಲ್ಲುವ ಅದೂ ಈ ಬಟ್ಟೆ ವಿದ್ಯೆಯ ಬಳಗದ್ದೇ.

ನಮಗೆ ಇದರಿಂದ ಏನು?

ಚಿಪ್ಪು ಎಷ್ಟೇ ಗಟ್ಟಿಯಾಗಿರಲಿ, ಒಳಗಿನ ಯಂತ್ರಕ್ಕೂ ವಯಸ್ಸಾಗುತ್ತದೆ. ಬಂದರಿನ ರೇಡಾರ್ 2002ರದು. ಅದು ಕೆಟ್ಟು ನಿಂತ ದಿನಗಳೂ ಪತ್ರಿಕೆಗಳಲ್ಲಿ ಸುದ್ದಿಯಾಗಿವೆ. ಅಂಥ ದಿನಗಳಲ್ಲಿ ಶ್ರೀಹರಿಕೋಟದ ರೇಡಾರು, ಕಾರೈಕಾಲಿನ ರೇಡಾರು, ಪಳ್ಳಿಕರಣೈಯದು ಮತ್ತು ಉಪಗ್ರಹ ಚಿತ್ರಗಳು ಆಸರೆಯಾಗುತ್ತವೆ. ಒಂದು ಕಣ್ಣು ಮಸುಕಾದರೆ ಇನ್ನೊಂದು ಕಣ್ಣು ನೋಡಲಿ ಎಂದೇ ಕರಾವಳಿಯ ಉದ್ದಕ್ಕೂ ಹಲವು ರೇಡಾರುಗಳನ್ನು ಇಟ್ಟಿರುವುದು.

2015ರ ಡಿಸೆಂಬರಿನ ನೆರೆಯಲ್ಲಿ ಮಹಡಿ ಏರಿ ಕೂತವರು, 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ಮಳೆಗೆ ವೇಳಚ್ಚೇರಿಯಲ್ಲಿ ಮೊಣಕಾಲುದ್ದ ನೀರಿನಲ್ಲಿ ಹಾಲು ತರಲು ಹೋದವರು ನಮ್ಮ ಕೇಳುಗರಲ್ಲೇ ಎಷ್ಟೋ ಮಂದಿ ಇದ್ದೀರಿ. ಮಳೆ ಎಷ್ಟು ಹೊತ್ತಿಗೆ, ಯಾವ ಕಡೆಯಿಂದ ಬರುತ್ತದೆ ಎಂದು ಎರಡು ಗಂಟೆ ಮೊದಲೇ ಗೊತ್ತಾದರೆ ಸ್ಕೂಟರನ್ನು ಎತ್ತರಕ್ಕೆ ಹಾಕಬಹುದು, ಮಕ್ಕಳನ್ನು ಶಾಲೆಯಿಂದ ಕರೆತರಬಹುದು, ವಯಸ್ಸಾದ ಅಪ್ಪ ಅಮ್ಮನನ್ನು ಮೇಲಿನ ಮನೆಗೆ ಕಳಿಸಬಹುದು. ಆ ಎರಡು ಗಂಟೆ ಸಿಗಬೇಕಾದರೆ ಗಾಳಿಯ ನಡುವೆಯೂ ಆಂಟೆನಾ ನಡುಗದೆ ಸುತ್ತುತ್ತಿರಬೇಕು. ಅದು ಸುತ್ತಬೇಕಾದರೆ ಮೇಲಿನ ಗುಮ್ಮಟ ಗಟ್ಟಿಯಾಗಿರಬೇಕು, ಸ್ವಚ್ಛವಾಗಿರಬೇಕು, ಕಾಲಕಾಲಕ್ಕೆ ಬಣ್ಣ ಕಂಡಿರಬೇಕು. ರೇಡಾರ್ ಕೊಳ್ಳಲು ಹಣ ಇಡುವಾಗ ಅದರ ಹೊದಿಕೆಗೂ, ಅದರ ಜನರೇಟರಿಗೂ ಹಣ ಇಡಬೇಕು ಎನ್ನುವುದು ಇದರಿಂದಲೇ.

ಮನೆಯಲ್ಲಿ ನಾವು ಮಾಡಬಹುದಾದ್ದೂ ಒಂದಿದೆ. ಬಟ್ಟೆ ಗುಮ್ಮಟದ ಪಾಠ ನಮಗೂ ಸಲ್ಲುತ್ತದೆ: ಬಿರುಗಾಳಿಯ ದಿನ ಕರೆಂಟನ್ನು ನಂಬಿ ಕೂರಬಾರದು. ರೇಡಿಯೋಗೆ ಒಂದು ಜೊತೆ ಹೊಸ ಸೆಲ್ಲು ತಂದು ಇಟ್ಟುಕೊಳ್ಳಿ. ಟಿವಿ ನಿಂತರೂ, ಮೊಬೈಲಿನ ಚಾರ್ಜು ಮುಗಿದರೂ ಅದು ಮಾತಾಡುತ್ತಿರುತ್ತದೆ. "ಗಾಳಿ ನಿಂತಿತು ಎಂದು ಹೊರಗೆ ಬರಬೇಡಿ, ಚಂಡಮಾರುತದ ಕಣ್ಣು ಊರಿನ ಮೇಲಿದೆ, ಇನ್ನು ಸ್ವಲ್ಪ ಹೊತ್ತಿಗೆ ಎದುರು ದಿಕ್ಕಿನಿಂದ ಗಾಳಿ ಬೀಸುತ್ತದೆ" ಎಂದು ಅದರಲ್ಲಿ ಹೇಳಿದರೆ ದಯವಿಟ್ಟು ಕೇಳಿ. ಆ ಮಾತು ಹೇಳುವವರಿಗೆ ಕಣ್ಣು ಕಂಡದ್ದು ಗುಮ್ಮಟದೊಳಗಿನ ರೇಡಾರಿನಿಂದ.

ರಾಜಾಜಿ ಸಾಲೈಯಲ್ಲಿ ಒಮ್ಮೆ ತಲೆ ಎತ್ತಿ ನೋಡಿ. ಜೊತೆಗೆ ಮಕ್ಕಳಿದ್ದರೆ ಅವರಿಗೂ ತೋರಿಸಿ, ನೀರಿನ ಟ್ಯಾಂಕ್ ಅಲ್ಲ ಎಂದು ಹೇಳಿ.